ಸ್ವೇ ಬಾರ್ ಮತ್ತು ಚಾಸಿ ಬ್ರೇಸ್: ಮಾರುವ ಮುನ್ನ ಅಳೆಯುವುದು ಲೇಸು

ಮೋಟಾರು ವಾಹನಗಳ ಹೆಚ್ಚುವರಿ ಬಿಡಿಭಾಗಗಳ ವ್ಯಾಪಾರದಲ್ಲಿ ಎರಡು ಸರಕುಗಳಿಗೆ ವಿಶೇಷ ಸ್ಥಾನವಿದೆ. ಮೊದಲನೆಯದು ವಾಹನದ ಒಡಲನ್ನು ಬಿಗಿಗೊಳಿಸುವ ಚಾಸಿ ಬ್ರೇಸ್. ಎರಡನೆಯದು ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವುದನ್ನು ಕಡಿಮೆ ಮಾಡುವ ಸ್ವೇ ಬಾರ್, ಅಂದರೆ ಆಂಟಿ ರೋಲ್ ಬಾರ್. ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳು ಹೆಚ್ಚಾಗಿರುವ ಜಪಾನ್, ಅಮೆರಿಕ, ಬ್ರಿಟನ್ ಮತ್ತು ಜರ್ಮನಿಗಳಲ್ಲಿ ಇವುಗಳಿಗೆ ದಶಕಗಳಿಂದ ಮಾರುಕಟ್ಟೆಯಿದೆ. ನೋಡಲು ಇವು ಸರಳ ವಸ್ತುಗಳು: ಸರಳು, ಕೊಳವೆ, ಬ್ರಾಕೆಟ್, ಬುಷ್, ಬೋಲ್ಟು. ಪೈಪ್ ಬಗ್ಗಿಸುವ ಯಂತ್ರ ಹಾಗೂ ವೆಲ್ಡಿಂಗ್ ಸೌಲಭ್ಯವಿರುವ ಯಾವುದೇ ಸಣ್ಣ ಘಟಕಕ್ಕೆ ಇವು ಕೈಗೆಟುಕುವ ಉತ್ಪನ್ನಗಳಂತೆ ಕಾಣುತ್ತವೆ. ಆದರೆ ಇವು ಕಾರಿನ ಚಾಲನಾ ಗುಣವನ್ನು ನಿಜವಾಗಿ ಉತ್ತಮಪಡಿಸುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಬಂಡವಾಳ ಹೂಡುವುದು ವಿವೇಕವೆನಿಸದು.

ಮೊತ್ತ ಅದೇ, ಹಂಚಿಕೆ ಬೇರೆ

ಸ್ವೇ ಬಾರ್ ಎಂಬುದು ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ, ತಿರುಚುವಿಕೆಗೆ ಪ್ರತಿರೋಧ ಒಡ್ಡುವ ಸ್ಪ್ರಿಂಗ್. ತಿರುವಿನಲ್ಲಿ ಒಳಬದಿಯ ಚಕ್ರಗಳ ಮೇಲಿನ ಭಾರದ ಒಂದು ಪಾಲು ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಈ ವರ್ಗಾವಣೆಯ ಒಟ್ಟು ಪ್ರಮಾಣವನ್ನು ಮುಖ್ಯವಾಗಿ ನಿರ್ಧರಿಸುವ ಅಂಶಗಳೆಂದರೆ ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ತೀವ್ರತೆ. ಬಾರ್ ಎಷ್ಟೇ ದಪ್ಪವಾಗಿದ್ದರೂ ಈ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬದಲಾಗುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಹಂಚಿಕೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದು ಖಾತೆಯ ಖರ್ಚನ್ನು ಇನ್ನೊಂದು ಖಾತೆಗೆ ಹಾಕಿದಂತೆ. ಒಟ್ಟು ಖರ್ಚು ಇಳಿಯುವುದಿಲ್ಲ.

ಟೈರಿನ ಹಿಡಿತ ಭಾರಕ್ಕೆ ಸಮ ಪ್ರಮಾಣದಲ್ಲಿ ಏರುವುದಿಲ್ಲವಾದ್ದರಿಂದ ಈ ಹಂಚಿಕೆಗೆ ಮಹತ್ವ ಬಂದಿದೆ. ಮುಂದಿನ ಬಾರ್ ಬಿಗಿಯಾದರೆ ಮುಂದಿನ ಟೈರುಗಳು ಮೊದಲು ಸೋಲುತ್ತವೆ, ಕಾರು ತಿರುವಿನಿಂದ ಹೊರಕ್ಕೆ ಎಳೆಯುತ್ತದೆ. ಹಿಂದಿನ ಬಾರ್ ಬಿಗಿಯಾದರೆ ಹಿಂಭಾಗ ಜಾರುವ ಪ್ರವೃತ್ತಿ ಹೆಚ್ಚುತ್ತದೆ. ಮೂಲತಃ ಹೊರಕ್ಕೆ ಎಳೆಯುವ ಸ್ವಭಾವದ ಕಾರಿಗೆ ಹಿಂದಿನ ಬಾರ್ ಬಿಗಿಗೊಳಿಸಿದಾಗ ಚಾಲಕನಿಗೆ ಸಮತೋಲ ದೊರೆಯುವುದು ನಿಜ. ಅದೇ ಬಾರ್ ಈಗಾಗಲೇ ಸಮತೋಲದಲ್ಲಿರುವ ಕಾರನ್ನು ಮಳೆಯ ದಿನ ಅಪಾಯಕ್ಕೆ ದೂಡಬಲ್ಲದು. ವಾಲುವಿಕೆ ಕಡಿಮೆಯಾದಾಗ ಕೆಲವು ಸಸ್ಪೆನ್ಷನ್‌ಗಳಲ್ಲಿ ಟೈರು ರಸ್ತೆಗೆ ಹೆಚ್ಚು ನೇರವಾಗಿ ನಿಂತು ಲಾಭವಾಗುವುದೂ ಉಂಟು. ಆದರೆ ಬಾರ್ ಅತಿ ಬಿಗಿಯಾದರೆ ಒಂದು ಚಕ್ರ ಗುಂಡಿಗೆ ಇಳಿದಾಗ ಅದರ ಪೆಟ್ಟು ಇನ್ನೊಂದಕ್ಕೂ ತಾಗುತ್ತದೆ. ಹಳ್ಳಕೊಳ್ಳಗಳ ರಸ್ತೆಯಲ್ಲಿ ಇದು ಲಾಭಕ್ಕಿಂತ ನಷ್ಟ.

ತಯಾರಕರು ಗಮನಿಸಬೇಕಾದ ಗಣಿತವೂ ಇಲ್ಲಿದೆ. ಘನ ಸರಳಿನ ತಿರುಚು ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. 20 ಮಿ.ಮೀ. ಸರಳಿನ ಬದಲು 22 ಮಿ.ಮೀ. ಬಳಸಿದರೆ ದಪ್ಪ ಶೇ. 10ರಷ್ಟು ಹೆಚ್ಚಿ, ಬಿಗಿತ ಶೇ. 46ರಷ್ಟು ಏರುತ್ತದೆ. ವ್ಯಾಸದಲ್ಲಿ ಶೇ. 1ರ ದೋಷ ಬಿಗಿತದಲ್ಲಿ ಶೇ. 4ರ ದೋಷವಾಗುತ್ತದೆ. 25 ಮಿ.ಮೀ. ಹೊರವ್ಯಾಸ ಹಾಗೂ 4 ಮಿ.ಮೀ. ದಪ್ಪದ ಕೊಳವೆ, ಅದೇ ಹೊರವ್ಯಾಸದ ಘನ ಸರಳಿನ ಸುಮಾರು ಶೇ. 54ರಷ್ಟು ತೂಕದಲ್ಲಿ ಶೇ. 79ರಷ್ಟು ಬಿಗಿತ ನೀಡುತ್ತದೆ. ಹೀಗೆ ಮುಂಚಿತವಾಗಿ ಲೆಕ್ಕ ಹಾಕಿ ತಯಾರಿಸಬಹುದಾದ ಸ್ವೇ ಬಾರ್ ಒಂದು ನಿಜವಾದ ಇಂಜಿನಿಯರಿಂಗ್ ಉತ್ಪನ್ನ. ಅದರ ಪರಿಣಾಮ ಖಚಿತ; ಆ ಪರಿಣಾಮ ಸುಧಾರಣೆಯೇ ಎಂಬುದು ಮಾತ್ರ ಕಾರು, ಟೈರು ಮತ್ತು ರಸ್ತೆಯನ್ನು ಅವಲಂಬಿಸಿದೆ.

ಬ್ರೇಸ್‌ನ ಕಥೆ ಬೇರೆ

ಚಾಸಿ ಬ್ರೇಸ್ ವಿಷಯದಲ್ಲಿ ಇಷ್ಟು ಖಚಿತತೆಯಿಲ್ಲ. ಒಡಲು ಸಾಕಷ್ಟು ಬಿಗಿಯಾಗಿರದಿದ್ದರೆ ಸ್ಪ್ರಿಂಗ್ ಮತ್ತು ಬಾರ್‌ಗಳ ಹೊಂದಾಣಿಕೆ ವ್ಯರ್ಥವಾಗುತ್ತದೆ ಎಂಬ ತತ್ತ್ವ ಸರಿಯೇ. ಮೇಲ್ಛಾವಣಿಯಿಲ್ಲದ ಕಾರುಗಳಲ್ಲಿ ಈ ಕೊರತೆ ಸಹಜ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಇದಕ್ಕೆ ಉತ್ತಮ ಉದಾಹರಣೆ. 1.8 ಲೀಟರ್ ಇಂಜಿನ್ ಅಳವಡಿಸಿದ ನಂತರದ ಮಾದರಿಗಳಲ್ಲಿ ತಯಾರಕರೇ ಹೆಚ್ಚುವರಿ ಬ್ರೇಸ್‌ಗಳನ್ನು ಸೇರಿಸಿದರು. ಕಾರ್ಖಾನೆಯೇ ವೆಚ್ಚ ಮಾಡಿ ಸೇರಿಸಿದ ವಸ್ತುವನ್ನು ನಿರುಪಯುಕ್ತ ಎನ್ನಲಾಗದು.

ಆದರೆ ಅದೇ ಕಾರು ಇನ್ನೊಂದು ಪಾಠವನ್ನೂ ಹೇಳುತ್ತದೆ. ಅದರ ಮುಂಭಾಗದಲ್ಲಿ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ. ತಿರುವಿನ ಅಡ್ಡ ಬಲ ಬಹುಪಾಲು ತೋಳುಗಳ ಮೂಲಕ ಕೆಳಗಿನ ಚೌಕಟ್ಟಿಗೆ ಹೋಗುತ್ತದೆ. ಹೀಗಾಗಿ ಇಂಜಿನ್ ಮೇಲೆ ಎರಡು ಗೋಪುರಗಳನ್ನು ಜೋಡಿಸುವ, ಬಾನೆಟ್ ತೆರೆದೊಡನೆ ಮಿನುಗುವ ಸ್ಟ್ರಟ್ ಬ್ರೇಸ್‌ಗಿಂತ, ಯಾರ ಕಣ್ಣಿಗೂ ಬೀಳದ ಕೆಳಭಾಗದ ಬ್ರೇಸ್ ಹೆಚ್ಚು ಕೆಲಸ ಮಾಡಬಲ್ಲದು. ಟೊಯೋಟಾ 86ರಂತಹ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಲ್ಲಿ ಅಡ್ಡ ಬಲದ ಒಂದು ಭಾಗ ಗೋಪುರದ ಮೇಲ್ತುದಿಗೇ ತಲುಪುವುದರಿಂದ ಅಲ್ಲಿ ಬ್ರೇಸ್‌ಗೆ ತಕ್ಕಮಟ್ಟಿನ ಸಮರ್ಥನೆಯಿದೆ. ಅಲ್ಲೂ ಸರಳು ನೇರವಾಗಿರಬೇಕು, ತುದಿಯ ಜೋಡಣೆ ಗಟ್ಟಿಯಾಗಿರಬೇಕು. ಇಂಜಿನ್‌ಗೆ ಜಾಗ ಬಿಡಲು ಬಗ್ಗಿಸಿದ, ತುದಿಗಳಲ್ಲಿ ಕೀಲು ಇಟ್ಟ ಸರಳು ಒತ್ತಡ ಬಿದ್ದಾಗ ತಾನೇ ಬಾಗುತ್ತದೆ. ಮುಚ್ಚಿದ ಉಕ್ಕಿನ ಒಡಲುಳ್ಳ ಆಧುನಿಕ ಕಾರಿನಲ್ಲಿ, ಸಾಮಾನ್ಯ ರಸ್ತೆಯ ವೇಗದಲ್ಲಿ, ಅಂತಹ ಸರಳಿನಿಂದ ಅಳೆಯಬಹುದಾದ ಲಾಭ ಅಪರೂಪ.

ಬ್ರಿಟನ್ನಿನ ಲೋಟಸ್ ಎಲೀಸ್ ಕಾರಿನ ಮಾದರಿ ಇಲ್ಲಿ ಗಮನಾರ್ಹ. 1996ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರು ಅಂಟಿನಿಂದ ಬೆಸೆದ ಅಲ್ಯೂಮಿನಿಯಂ ಚಾಸಿಯ ಬಿಗಿತ ಮತ್ತು ಕಡಿಮೆ ತೂಕವನ್ನು ನೆಚ್ಚಿಕೊಂಡಿತು; ಹಿಂಭಾಗದಲ್ಲಿ ಸ್ವೇ ಬಾರನ್ನೇ ಇಡಲಿಲ್ಲ. ಆದರೂ ಚಾಲನಾ ಗುಣಕ್ಕೆ ಅದು ಇಂದಿಗೂ ಹೆಸರಾಗಿದೆ. ಭಾರತದ ಬಹುತೇಕ ಸಣ್ಣ ಕಾರುಗಳ ಹಿಂಭಾಗದ ಟ್ವಿಸ್ಟ್ ಬೀಮ್ ತಾನೇ ತಿರುಚಿ ಸ್ವೇ ಬಾರ್‌ನ ಕೆಲಸ ಮಾಡುತ್ತದೆ. ಇವೆಲ್ಲವನ್ನೂ ನೋಡಿದರೆ ಎಲ್ಲ ಕಾರಿಗೂ ಒಂದೇ ಮದ್ದು ಎಂಬ ಪ್ರಚಾರ ನಿಲ್ಲದು.

ಅಳತೆಯ ಖರ್ಚು ದೊಡ್ಡದಲ್ಲ

ಹಣ ಕೊಟ್ಟು ಕೊಂಡ ಗ್ರಾಹಕ ತನ್ನ ಕಾರು ಉತ್ತಮವಾಯಿತೆಂದೇ ಹೇಳುತ್ತಾನೆ. ಆ ಪ್ರಶಂಸೆಯನ್ನು ಪ್ರಮಾಣವೆಂದು ಪರಿಗಣಿಸಲಾಗದು. 30 ಮೀಟರ್ ತ್ರಿಜ್ಯದ ವೃತ್ತದಲ್ಲಿ ಉತ್ತಮ ಟೈರಿನ ಕಾರು ಗುರುತ್ವದ 0.9 ಪಟ್ಟು ಅಡ್ಡ ವೇಗೋತ್ಕರ್ಷದಲ್ಲಿ ಓಡಿದರೆ ಒಂದು ಸುತ್ತಿಗೆ ಸುಮಾರು 11.6 ಸೆಕೆಂಡು ಬೇಕು. ಹಿಡಿತ ಶೇ. 2ರಷ್ಟು ಹೆಚ್ಚಿದರೆ ಉಳಿಯುವ ಕಾಲ ಸುಮಾರು 0.11 ಸೆಕೆಂಡು ಮಾತ್ರ. ಇದನ್ನು ಚಾಲಕನ ಅನುಭವವಾಗಲಿ ಕೈಗಡಿಯಾರವಾಗಲಿ ನಂಬುವಂತೆ ಹೇಳಲಾರದು. ಅದೇ ಟೈರು, ಅದೇ ಗಾಳಿಯ ಒತ್ತಡ, ಅದೇ ಇಂಧನದ ತೂಕ, ಅದೇ ಚಾಲಕನೊಂದಿಗೆ ಮೊದಲು ಬಿಡಿಭಾಗವಿಲ್ಲದೆ, ನಂತರ ಅಳವಡಿಸಿ, ಮತ್ತೆ ತೆಗೆದು ಓಡಿಸಿ ನೋಡಬೇಕು. ಒಡಲಿನ ಬಿಗಿತ ಅಳೆಯುವುದು ಇನ್ನೂ ಸುಲಭ: ಒಂದು ತುದಿಯನ್ನು ಭದ್ರವಾಗಿ ಹಿಡಿದು, ಇನ್ನೊಂದು ತುದಿಗೆ ತಿಳಿದ ತಿರುಚು ಬಲ ಹಾಕಿ, ಡಯಲ್ ಗೇಜ್‌ನಿಂದ ಬಾಗುವಿಕೆ ನೋಡಬೇಕು. ಪೀಣ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಈ ಸಾಧನಗಳು ದುರ್ಲಭವಲ್ಲ.

ಹೊಣೆ ಯಾರ ಮೇಲೆ?

ಅಳತೆಯನ್ನು ನಿರ್ಲಕ್ಷಿಸುವವರು ಕಾನೂನಿನ ಕಡೆಗೂ ದೃಷ್ಟಿ ಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 84ನೇ ಕಲಮಿನ ಪ್ರಕಾರ, ಸರಕು ತಯಾರಕ ನೀಡಿದ ಸ್ಪಷ್ಟ ಭರವಸೆಗೆ ಹೊಂದದಿದ್ದು ಅದರಿಂದ ಹಾನಿಯಾದರೆ, ಭರವಸೆ ನೀಡುವಾಗ ತಾನು ಅಜಾಗರೂಕನಾಗಿರಲಿಲ್ಲ ಎಂದು ಸಾಬೀತುಪಡಿಸಿದರೂ ಆತ ಹೊಣೆಯಿಂದ ಪಾರಾಗಲಾರ. ತಯಾರಕನ ಮಾತಿಗೆ ತನ್ನದೇ ಭರವಸೆ ಸೇರಿಸಿ ಮಾರುವ ವರ್ತಕನನ್ನೂ 86ನೇ ಕಲಮು ಹೊಣೆಗಾರನನ್ನಾಗಿಸುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ‘ತಿರುವಿನಲ್ಲಿ ಹೆಚ್ಚು ಸುರಕ್ಷಿತ’ ಎಂಬ ಒಂದು ಸಾಲು, ಅಪಘಾತದ ಮರುದಿನ ಬೇರೆಯೇ ಅರ್ಥ ಪಡೆಯುತ್ತದೆ.

ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು ಅನುಮತಿಯಿಲ್ಲದ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ನಿರ್ದಿಷ್ಟ ಬಿಡಿಭಾಗ ಈ ವ್ಯಾಪ್ತಿಗೆ ಬರುವುದೋ ಇಲ್ಲವೋ ಎಂಬುದನ್ನು ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ. ಜರ್ಮನಿಯಲ್ಲಿ ಇಂತಹ ಬಿಡಿಭಾಗಗಳಿಗೆ ಮಾನ್ಯ ತಾಂತ್ರಿಕ ಸಂಸ್ಥೆಯ ಪರೀಕ್ಷಾ ವರದಿ ಪಡೆದು, ಅಳವಡಿಕೆಯ ನಂತರ ತಪಾಸಣೆ ಮಾಡಿಸುವ ಪದ್ಧತಿಯಿದೆ. ರಫ್ತಿನ ಕನಸು ಕಾಣುವ ಘಟಕಗಳಿಗೆ ಅಳತೆಯ ದಾಖಲೆಯೇ ಪ್ರವೇಶ ಪತ್ರ.

ಹಣಕಾಸಿನ ನೋಟವೂ ಇದನ್ನೇ ಸೂಚಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಬೇಡಿಕೆಗೆ ನೆರವಾಗಬಹುದು. ಆದರೆ ಪ್ರತಿಯೊಂದು ಕಾರಿನ ಮಾದರಿಗೂ ಬೇರೆ ಬೇರೆ ಅಳತೆಯ ಬಾರ್ ಬೇಕು. ಸ್ಪೋರ್ಟ್ಸ್ ಕಾರುಗಳ ಸಂಖ್ಯೆಯೋ ನಮ್ಮಲ್ಲಿ ಅಲ್ಪ. ಮಾರಾಟವಾಗದೆ ಉಳಿದ ದಾಸ್ತಾನನ್ನು ಲೆಕ್ಕಪತ್ರ ಮಾನದಂಡ 2ರ ಪ್ರಕಾರ ತಯಾರಿಕಾ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಿ ತೋರಿಸಬೇಕು. ಕಪಾಟಿನಲ್ಲಿ ಹೊಳೆಯುವ ಬ್ರೇಸ್ ಆಯವ್ಯಯದಲ್ಲಿ ನಷ್ಟವಾಗಿ ಕಾಣಿಸಿಕೊಳ್ಳಲು ಹೆಚ್ಚು ಕಾಲ ಬೇಡ. ಆದ್ದರಿಂದ ಒಂದೆರಡು ಮಾದರಿಗಳನ್ನು ಆರಿಸಿ, ಬೇಡಿಕೆ ಬಂದಂತೆ ತಯಾರಿಸುವುದು ಸೂಕ್ತ.

ಸ್ವೇ ಬಾರ್ ಮಾರುವವರು ಅದರ ಬಿಗಿತವನ್ನು, ಅದು ಯಾವ ಕಾರಿಗೆ ಎಂಬುದನ್ನು, ಅದರಿಂದ ಸಮತೋಲ ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ಬರೆದು ಕೊಡಲಿ. ಬ್ರೇಸ್ ಮಾರುವವರು ಅಳೆದ ಅಂಕಿಯನ್ನು ಮುಂದಿಡಲಿ. ಅಂಕಿಯಿಲ್ಲದಿದ್ದರೆ ಅದನ್ನು ಅಲಂಕಾರದ ವಸ್ತುವೆಂದೇ ಮಾರಲಿ, ಅದರಲ್ಲಿ ತಪ್ಪೇನಿಲ್ಲ. ಹಳೆಯ ಟೈರು, ಸವೆದ ಬುಷ್, ಸೋರುವ ಶಾಕ್ ಅಬ್ಸಾರ್ಬರ್ ಇರುವ ಕಾರಿಗೆ ಮೊದಲು ಅವುಗಳನ್ನು ಬದಲಿಸುವಂತೆ ಸಲಹೆ ಕೊಡುವ ವರ್ತಕ ಆ ದಿನ ಒಂದು ಬ್ರೇಸ್‌ನ ಲಾಭ ಕಳೆದುಕೊಳ್ಳಬಹುದು. ಆ ಗ್ರಾಹಕ ಮುಂದಿನ ಹತ್ತು ವರ್ಷ ಅದೇ ಅಂಗಡಿಗೆ ಬರುತ್ತಾನೆ.