ಮಾರ್ಕೆಟ್ ಪಕ್ಕದ ಸಾರಾಯಿ ಅಂಗಡಿ
ಸಾರಾಯಿ ಇದ್ದ ಕಾಲದಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿದರೆ ಒಂದಷ್ಟು ಜನ ಬಸ್‌ಸ್ಟ್ಯಾಂಡಿಗೆ, ಒಂದಷ್ಟು ಜನ ಸೀದಾ ಸಾರಾಯಿ ಅಂಗಡಿಗೆ. ಕುರ್ಚಿಯಿಲ್ಲ, ಫ್ಯಾನಿಲ್ಲ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲೇ ಕಚ್ಚಿ ಹರಿದು ಗಂಟಲಿಗೆ ಸುರಿದುಕೊಂಡು, ಮುಖ ಕಿವುಚಿ, ಬಾಗಿಲಲ್ಲಿ ಕೂತ ಅಜ್ಜಿಯ ಬೋಟಿ ಗೊಜ್ಜಿಗೆ ಕೈಯೊಡ್ಡುವುದು. ಬೆಳಿಗ್ಗೆ ದರಕ್ಕಾಗಿ ಕಿತ್ತಾಡಿದ ರೈತ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಇಬ್ಬರೂ ಇಲ್ಲಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾಮ, ಬಾವ ಆಗುತ್ತಿದ್ದರು. (ಮನೆಯಲ್ಲಿ ಹೆಂಗಸರು ಹಾಕುತ್ತಿದ್ದ ಶಾಪ ಬೇರೆ, ಅದೂ ನ್ಯಾಯವೇ.) 2007ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ಸಾರಾಯಿ ಬಂದ್. ಅದೇ ವರ್ಷ ಕೋಲಾರದಿಂದ ಬೇರೆಯಾಗಿ, ಶಿಡ್ಲಘಟ್ಟವೂ ಸೇರಿದ ಚಿಕ್ಕಬಳ್ಳಾಪುರ ಜಿಲ್ಲೆಯೂ ಆಯಿತು. ಈಗ ಎಸಿ ಬಾರುಗಳಿವೆ, ಮೆನು ಕಾರ್ಡಿದೆ. ಇವತ್ತು ಗೂಡು ಎಷ್ಟಕ್ಕೆ ಹೋಯಿತೆಂದು ಪಕ್ಕದ ಟೇಬಲಿನವನನ್ನು ಕೇಳುವಂತಿಲ್ಲ. ಬೋಟಿಗೂ ಆ ಖಾರವಿಲ್ಲ, ಬಿಡಿ.