ತುಪ್ಪ ಯಾರ ಎಲೆಗೆ, ಎಷ್ಟು?

ಶಿವಮೊಗ್ಗ, ಭದ್ರಾವತಿ ಸುತ್ತಿನ ಹಳ್ಳಿಗಳಲ್ಲಿ ತುಪ್ಪದ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ತುಪ್ಪ ಎಷ್ಟು ತಿಂದರೂ ಕೇಡಿಲ್ಲವೆಂಬುದು ಹಿರಿಯರ ನಂಬಿಕೆ. ಮುಟ್ಟಿದರೆ ಹೃದಯಕ್ಕೆ ಅಪಾಯವೆಂಬುದು ಪೇಟೆಯವರ ಭಯ. ನಮ್ಮ ಅಭಿಪ್ರಾಯದಲ್ಲಿ ಎರಡೂ ಅರ್ಧ ಸತ್ಯ. ರೈತ ಬಾಂಧವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ತುಪ್ಪ ಯಾರ ಎಲೆಗೆ, ಎಷ್ಟು?

ಬೆಣ್ಣೆ ಕಾಯಿಸಿದಾಗ ನೀರಿನಂಶ ಆರಿ, ಗಸಿ ತಳ ಸೇರಿ, ಉಳಿಯುವುದು ಬಹುತೇಕ ಕೊಬ್ಬು. 5 ಗ್ರಾಂನ ಒಂದು ಟೀ ಚಮಚ ತುಪ್ಪದಿಂದ ಸುಮಾರು 45 ಕ್ಯಾಲೊರಿ ದೊರೆಯುತ್ತದೆ. 'ಎ' ಜೀವಸತ್ವವೂ ಇದೆ. ಆದರೆ ಇದರ ಅರ್ಧಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಇದು ಅತಿಯಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ದಿನದ ಶಕ್ತಿಯಲ್ಲಿ ಇದರ ಪಾಲು ಶೇಕಡಾ 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕ್ಯಾಲೊರಿ ಉಣ್ಣುವವರಿಗೆ ಅದು ಸುಮಾರು 22 ಗ್ರಾಂ. ಎರಡು ಚಮಚ ತುಪ್ಪದಲ್ಲೇ ಸುಮಾರು 6 ಗ್ರಾಂ ಬಂದುಹೋಗುತ್ತದೆ. ಹಾಲು, ತೆಂಗಿನಕಾಯಿ, ಕರಿದ ತಿಂಡಿಗಳ ಲೆಕ್ಕ ಬೇರೆ.

ಹಿಂದೆ ದಿನವಿಡೀ ನೇಗಿಲು ಹಿಡಿದವರಿಗೆ, 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯೆದುರು ಬೆವರಿದವರಿಗೆ, ಉಂಡ ಶಕ್ತಿ ದುಡಿಮೆಯಲ್ಲೇ ವೆಚ್ಚವಾಗುತ್ತಿತ್ತು. ಇಂದು ಗದ್ದೆಗೆ ಟಿಲ್ಲರ್, ಕಟಾವಿಗೆ ಯಂತ್ರ, ತೋಟಕ್ಕೆ ಹೋಗಲು ಬೈಕು. ದುಡಿಮೆ ಇಳಿದಿದೆ, ಕಡುಬಿನ ಮೇಲೆ ತುಪ್ಪ ಸುರಿಯುವ ಕೈ ಇಳಿದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅನೇಕ ಮನೆಗಳಲ್ಲಿ ಕರೆದ ಹಾಲೆಲ್ಲ ಸಂಘದ ಕ್ಯಾನು ಸೇರಿ ಮಾಚೇನಹಳ್ಳಿ ಡೇರಿಗೆ ಹೋಗುತ್ತದೆ. ಹಾಲು ಮಾರುವುದು ತಪ್ಪಲ್ಲ, ಸಂಸಾರ ನಡೆಯುವುದೇ ಅದರಿಂದ. ಆದರೆ ಹಾಲು ಕರೆದವಳ ಮಗುವಿಗೆ ಸಿಗುವುದು ಚಹಾ, ಬೇಕರಿ ತಿಂಡಿ. ಬೇಕರಿಯಲ್ಲಿ ಬಳಸುವ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬಿರಬಹುದು. ಅದು ತುಪ್ಪಕ್ಕಿಂತ ಕೆಟ್ಟದ್ದು. ಸರ್ಕಾರ 2022ರ ಜನವರಿಯಿಂದ ಅದಕ್ಕೆ ಶೇಕಡಾ 2ರ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಉಳಿದ ತುಪ್ಪವೂ ಮೊದಲು ಯಜಮಾನರ, ನೆಂಟರ ಎಲೆಗೆ. ಬಾಣಂತನ ಮುಗಿದ ಮೇಲೆ ಹೆಂಗಸರನ್ನು ಕೇಳುವವರಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟು. ದಿನಕ್ಕೆ 1 ಲೀಟರ್ ಹಾಲು ಮನೆಗೆಂದು ಹೆಪ್ಪು ಹಾಕಿರಿ. ಜಿಡ್ಡು ಶೇಕಡಾ 4 ಇದ್ದರೆ ಆರೇಳು ಚಮಚ ತುಪ್ಪವಾಗುತ್ತದೆ. ಸಸಾರಜನಕ, ಸುಣ್ಣದಂಶವಿರುವ ಮಜ್ಜಿಗೆ ಮನೆಮಂದಿಗೆಲ್ಲ ಆಗುತ್ತದೆ. ಬೆಳೆಯುವ ಮಕ್ಕಳ, ಬಸುರಿ ಬಾಣಂತಿಯರ ಅನ್ನಕ್ಕೆ ಮೊದಲು ಬಡಿಸಿರಿ. ಕೂತು ಉಣ್ಣುವ ಹಿರಿಯರಿಗೆ ಒಂದು ಚಮಚ ಸಾಕು. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ. ತುಪ್ಪವನ್ನು ಸುರಿಯಬೇಡಿ, ಚಮಚದಲ್ಲಿ ಅಳೆದು ಬಡಿಸಿ.

ಹಸುವಿಗೆ ಹಿಂಡಿಯನ್ನು ತೂಗಿ ಹಾಕುವ ನಾವು, ನಮ್ಮ ಎಲೆಯ ತುಪ್ಪವನ್ನು ಅಳೆಯಲು ನಾಚಬೇಕಾಗಿಲ್ಲ.