ಬಾಗಿದ ನೆಲದ ಹಕ್ಕು: ಒಂದು ಪ್ರಣಾಳಿಕೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕ್ರಿಕೆಟಿಗೆ ಕೊಯ್ಲಾದ ಗದ್ದೆಯಿದೆ, ವಾಲಿಬಾಲಿಗೆ ಶಾಲೆಯ ಅಂಗಳವಿದೆ. ಸ್ಕೇಟ್‌ಬೋರ್ಡ್ ಹತ್ತಿದ ಮಗು ಮಾತ್ರ ರಸ್ತೆಯಂಚಿಗೆ ಬೀಳುತ್ತದೆ. ಈ ಮಕ್ಕಳಿಗೆ ಸಾರ್ವಜನಿಕ ಸ್ಕೇಟ್‌ಪಾರ್ಕ್ ಬೇಕು. ಅದು ಊರಿನ ಹೆಮ್ಮೆಯ ಕಟ್ಟಡವೂ ಆಗಬೇಕು. ಅದಕ್ಕಾಗಿ ನಾವು ಒಂದಾಗಿದ್ದೇವೆ. ನಮ್ಮ ಮೊದಲ ಸಲಕರಣೆ ಕ್ಯಾಮೆರಾ.

ನಮ್ಮ ನಂಬಿಕೆ

ಸ್ಕೇಟ್‌ಪಾರ್ಕ್ ಎಂದರೆ ಜನ ಒಳಗಿಳಿದು ಆಡಬಹುದಾದ ಶಿಲ್ಪ. ಬೋಗುಣಿಯಂತೆ ಬಾಗಿದ ಅದರ ಗುಂಡಿಯನ್ನು ಬೌಲ್ ಎನ್ನುತ್ತಾರೆ. ಬೌಲ್‌ನಲ್ಲಿ ನೆಲ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಆ ಬಾಗು ಚೂರು ತಪ್ಪಿದರೂ ಚಕ್ರ ತಡವರಿಸುತ್ತದೆ. ಎಲ್ಲವೂ ಗಾರೆಯವರ ಕರಣೆಯ ಹದದಲ್ಲಿದೆ.

ನಡುಮಧ್ಯಾಹ್ನ ಫೋಟೊ ತೆಗೆದರೆ ಬೌಲ್ ಬರೀ ಬೂದು ಬಯಲು. ಬೆಳಗಿನ ಓರೆ ಬಿಸಿಲಲ್ಲಿ ತೆಗೆದರೆ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಕಪ್ಪಗೆ, ನಡುವೆ ನೆರಳು ಮೆಲ್ಲಗೆ ತಿಳಿಯಾಗುತ್ತದೆ. ಅಂಚಿನ ಕಬ್ಬಿಣದ ಕೊಳವೆ ಉಜ್ಜಿ ಉಜ್ಜಿ ಹೊಳೆಯುತ್ತದೆ. ಗೋಡೆಯ ಮೇಲೆ ಚಕ್ರದ ಗೀರುಗಳು ಹೆಣೆದುಕೊಂಡಿರುತ್ತವೆ. ಮಕ್ಕಳು ಯಾವ ದಾರಿ ಹಿಡಿದರೆಂದು ಆ ಗೀರುಗಳೇ ಹೇಳುತ್ತವೆ. ಮುಂದಿನ ಪಾರ್ಕ್‌ನ ನಕ್ಷೆಗೆ ಅದೇ ಪಾಠ. ಛಾಯಾಗ್ರಾಹಕ ಅಮೀರ್ ಝಕಿ ಅವರ ‘ಕ್ಯಾಲಿಫೋರ್ನಿಯಾ ಕಾಂಕ್ರೀಟ್’ (2019) ಪುಸ್ತಕದ ಚಿತ್ರಗಳಲ್ಲಿ ಪಾರ್ಕ್‌ಗಳು ಖಾಲಿ. ಆಟಗಾರರಿಲ್ಲದಾಗಲೇ ಕಟ್ಟಡದ ಚೆಲುವು ಪೂರ್ತಿ ಕಣ್ಣಿಗೆ ಬೀಳುತ್ತದೆ.

ನಮ್ಮ ಧೈರ್ಯ

1970ರ ದಶಕದ ಬರಗಾಲದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ನೀರಿಲ್ಲದ ಈಜುಕೊಳಗಳಿಗಿಳಿದು, ಅಲೆಯ ಮೇಲಿನ ಸರ್ಫಿಂಗ್ ಆಟವನ್ನು ಸಿಮೆಂಟಿನ ಮೇಲೆ ಆಡಿದರು. ಲಂಡನ್‌ನ ಹಾರ್ನ್‌ಚರ್ಚ್‌ನಲ್ಲಿ 1978ರಲ್ಲಿ ಕಟ್ಟಿದ ರೊಮ್ ಸ್ಕೇಟ್‌ಪಾರ್ಕ್‌ಗೆ 2014ರಲ್ಲಿ ಸಂರಕ್ಷಿತ ಪಾರಂಪರಿಕ ಕಟ್ಟಡದ ಮಾನ್ಯತೆ ಸಿಕ್ಕಿತು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಸ್ಕೇಟರ್‌ಗಳು 1990ರಲ್ಲಿ ಬರ್ನ್‌ಸೈಡ್ ಸೇತುವೆಯಡಿ ತಾವೇ ಸಿಮೆಂಟು ಕಲಸಿ ಪಾರ್ಕ್ ಕಟ್ಟತೊಡಗಿದರು. ನಮ್ಮಲ್ಲೂ ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಸ್ಕೇಟರ್‌ಗಳ ತಂಡದವರು ಸ್ಕೇಟ್‌ಪಾರ್ಕ್ ಕಟ್ಟಲು ಸ್ವತಃ ಕರಣೆ ಹಿಡಿದವರು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಗೆ 2015ರಲ್ಲಿ ಸ್ಕೇಟ್‌ಪಾರ್ಕ್ ಬಂತು. ಶಾಲೆ ತಪ್ಪಿಸಿದವರಿಗೆ ಆಟವಿಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ ಎಂಬ ನಿಯಮಗಳನ್ನು ಅಲ್ಲಿ ಮಾಡಿಕೊಂಡರು.

ಅಲೆ ನಮಗೆ ಹೊಸದಲ್ಲ. ನಮ್ಮ ಕರಾವಳಿಯ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ, ತುಷಾರ್ ಪಥಿಯನ್ ಕಟ್ಟಿದ ಶಾಕಾ ಸರ್ಫ್ ಕ್ಲಬ್ ವರ್ಷಗಳಿಂದ ಸರ್ಫಿಂಗ್ ಕಲಿಸುತ್ತಿದೆ. ಮುರಕಲ್ಲು ಕೆತ್ತುವ, ಗಿಲಾವು ನುಣುಪಾಗಿಸುವ ಕೈಗಳು ನಮ್ಮ ಊರೂರಲ್ಲಿವೆ.

ನಮ್ಮ ಸಂಕಲ್ಪ

1. ಮೂರೂ ತಾಲ್ಲೂಕುಗಳ ಖಾಲಿ ಜಾಗಗಳ ಫೋಟೊ ತೆಗೆದು ಸಂತೆ, ಜಾತ್ರೆ, ಗ್ರಂಥಾಲಯಗಳಲ್ಲಿ ಪ್ರದರ್ಶಿಸುತ್ತೇವೆ. ಮಕ್ಕಳ ಕೈಗೂ ಕ್ಯಾಮೆರಾ ಕೊಡುತ್ತೇವೆ.

2. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆಯ ಅಡಿಯನ್ನು ಮೊದಲು ಪರಿಶೀಲಿಸಬೇಕೆಂದು ಪುರಸಭೆ ಮತ್ತು ಹೆದ್ದಾರಿ ಪ್ರಾಧಿಕಾರವನ್ನು ಕೇಳುತ್ತೇವೆ. ವಾಹನಗಳಿಂದ ಮಕ್ಕಳಿಗೆ ಅಪಾಯವಿದ್ದರೆ ಬೇರೆ ಜಾಗ ಹುಡುಕುತ್ತೇವೆ.

3. ಊರಿನ ಗಾರೆಯವರೇ ಕಟ್ಟಬೇಕು. ಅವರ ಹೆಸರು ಗೋಡೆಯ ಮೇಲಿರಬೇಕು. ಬೌಲ್‌ನ ತಳದ ನೀರುಗಂಡಿ ನಮ್ಮ ಆಷಾಢದ ಮಳೆಗೆ ತಕ್ಕಷ್ಟು ದೊಡ್ಡದಿರಬೇಕು.

4. ಟಿಕೆಟ್ ಇರಬಾರದು. ಹೆಣ್ಣುಮಕ್ಕಳಿಗೆ ಮೊದಲ ಸರದಿ ಇಲ್ಲೂ ನಿಯಮವಾಗಬೇಕು.

ಕ್ಯಾಮೆರಾ ಇದ್ದವರು ಕ್ಯಾಮೆರಾ ತನ್ನಿ, ಕರಣೆ ಬಲ್ಲವರು ಕರಣೆ ತನ್ನಿ. ಪಂಚಾಯಿತಿ ಸದಸ್ಯರೇ, ನಿಮ್ಮೂರಿನ ಒಂದು ತುಂಡು ಸರ್ಕಾರಿ ಜಾಗ ತೋರಿಸಿ. ಮಿಕ್ಕ ಕೆಲಸಕ್ಕೆ ನಾವಿದ್ದೇವೆ.